ಸೊಂಟದೆತ್ತರ

ನಮ್ಮ ಮನೆಯವರು ಶಾಲೆಯ ಪ್ರಯೋಗಾಲಯದಲ್ಲಿ ಸಹಾಯಕರು. ಪರೀಕ್ಷೆ ಮಾಡದೆ ಏನನ್ನೂ ಒಪ್ಪುವವರಲ್ಲ. ನನ್ನನ್ನು ಹೇಗೆ ಒಪ್ಪಿದರೋ ಕಾಣೆ. ಅಡುಗೆಕಟ್ಟೆಯ ಮರದ ಹಲಗೆ ನೀರು ಕುಡಿದು ಉಬ್ಬಿ, ಸಿಂಕಿನ ಪಕ್ಕದಲ್ಲಿ ಪುಡಿಪುಡಿಯಾಗಿ ಉದುರತೊಡಗಿದಾಗ ಅವರು ಅಂಗಡಿ ಅಂಗಡಿ ಅಲೆದು ಐದು ಬಗೆಯ ತುಂಡುಗಳನ್ನು ಚೀಲದಲ್ಲಿ ಹೊತ್ತು ತಂದರು.

ಒಂದು ವಾರ ನಮ್ಮ ಅಡುಗೆಮನೆಯಲ್ಲಿ ಪರೀಕ್ಷೆ ನಡೆಯಿತು. ನಿಂಬೆಹುಳಿಗೆ ಮಾರ್ಬಲ್ ಹೊಳಪು ಕಳೆದುಕೊಂಡಿತು. ಬಿಸಿ ಪಾತ್ರೆ ಇಟ್ಟ ಕೂಡಲೇ ಪ್ಲೈವುಡ್ಡಿನ ಮೇಲಿನ ಮೈಕಾ ಬೊಬ್ಬೆ ಎದ್ದಿತು. ಕುಕ್ಕರ್ ಬೀಳಿಸಿದರೆ ಸ್ಟೀಲ್ ತಗಡು ತಗ್ಗು ಬಿತ್ತು, ಅಕ್ಕಪಕ್ಕದವರೆಲ್ಲ ಬಾಗಿಲಿಗೆ ಬಂದರು. ಟೈಲ್ಸಿನ ಸಂದಿಯಲ್ಲಿ ಕೊಳೆ ಕೂತಿತು. ಗ್ರಾನೈಟ್ ಮಾತ್ರ ಜಗ್ಗಲಿಲ್ಲ, ಬಗ್ಗಲಿಲ್ಲ. ಪ್ರತಿಯೊಂದರ ಮುಂದೆ ಅದರ ಬಾಳಿಕೆಯನ್ನು ನೋಟ್ ಪುಸ್ತಕದಲ್ಲಿ ಬರೆದರು: ಗ್ರಾನೈಟ್ ಐವತ್ತು ವರ್ಷ, ಟೈಲ್ಸ್ ಹದಿನೈದು, ಪ್ಲೈವುಡ್ ಐದು. ನಮ್ಮ ಕೈಲಾಗುವ ದುಡ್ಡಿಗೆ ಗ್ರಾನೈಟ್ ಎಂದರೆ ಬೇರೆಯವರ ಮನೆ ಕೆಲಸದಲ್ಲಿ ಮಿಕ್ಕ ತುಂಡುಗಳೇ ಗತಿ. ಅಂಥ ತುಂಡುಗಳು ಕಟ್ಟೆಗೆ ಕಲ್ಲು ಕೊಯ್ದು ಕೂರಿಸುವ ಕಲ್ಲಿನವನೊಬ್ಬನ ಹತ್ತಿರ ನಮ್ಮ ಕಟ್ಟೆಗೆ ಸರಿಯಾಗುವಷ್ಟು ಇದ್ದವು.

ನನಗೆ ಯಾವ ಕಲ್ಲಾದರೂ ಒಂದೇ. ನಾನು ಕೇಳಿದ್ದು ಎತ್ತರ. ದಿನವಿಡೀ ಔಷಧಿ ಅಂಗಡಿಯಲ್ಲಿ ನಿಂತು ಬಂದು, ಮನೆಯಲ್ಲಿ ಮತ್ತೆ ಬಗ್ಗಿ ನಿಲ್ಲಬೇಕು. ಹಳೆಯ ಕಟ್ಟೆಯನ್ನು ಅತ್ತೆ ತಮ್ಮ ಅಳತೆಗೆ ಕಟ್ಟಿಸಿಕೊಂಡಿದ್ದರು, ಅವರು ನನ್ನ ಭುಜಕ್ಕೆ ಬರುತ್ತಾರೆ. ಹದಿನೆಂಟು ವರ್ಷದಿಂದ ನನ್ನ ಬೆನ್ನು ಅವರ ಎತ್ತರಕ್ಕೆ ಬಗ್ಗುತ್ತಿದೆ. ಇದೊಂದು ಸಲ ನನ್ನ ಎತ್ತರಕ್ಕೆ ಆಗಬೇಕು ಎಂದು ಹಟ ಹಿಡಿದಿದ್ದೆ.

ಇನ್ನೊಂದು ವಿಷಯವೂ ನನಗೆ ಗೊತ್ತಿತ್ತು, ಆದರೆ ಬಾಯಿ ಬಿಟ್ಟಿರಲಿಲ್ಲ. ಎಂಬತ್ತು ದಾಟಿದ ಅತ್ತೆ ಅಡುಗೆಯನ್ನು ನನಗೆ ಬಿಟ್ಟುಕೊಟ್ಟು ಬಹಳ ಕಾಲವಾಗಿದ್ದರೂ ಬೆಳಗಿನ ಚಹಾ ಮಾತ್ರ ತಾವೇ ಮಾಡುತ್ತಾರೆ. ಅದಕ್ಕೆ ಯಾರೂ ಕೈ ಹಾಕುವಂತಿಲ್ಲ. ಅವರ ಕೈಯಲ್ಲಿ ಉಳಿದಿರುವುದು ಅದೊಂದೇ ಕೆಲಸ. ಕಟ್ಟೆ ಏರಿದರೆ ಕುದಿಯುವ ಪಾತ್ರೆ ಅವರ ಎದೆಯ ಮಟ್ಟಕ್ಕೆ ಬರುತ್ತದೆ, ಆ ಕೆಲಸವೂ ಹೋಗುತ್ತದೆ.

ನಮ್ಮ ಮನೆಯವರು ಕಲ್ಲಿನವನಿಗೆ ಚೀಟಿ ಬರೆದುಕೊಟ್ಟರು. ಉದ್ದ, ಅಗಲ, ಸಿಂಕಿನ ರಂಧ್ರ ಎಲ್ಲಕ್ಕೂ ಕೂದಲೆಳೆಯಷ್ಟು ತಪ್ಪಿಲ್ಲದ ಅಳತೆ. ಎತ್ತರದ ಮುಂದೆ ಮಾತ್ರ ‘ಸೊಂಟದವರೆಗೆ’ ಎಂದು ಬರೆದು ಕೈತೊಳೆದುಕೊಂಡಿದ್ದರು. ಅವನು ಬಂದಾಗ ಮನೆಯಲ್ಲಿ ಅತ್ತೆ ಒಬ್ಬರೇ. ಅವರನ್ನೇ ಗೋಡೆಗೆ ನಿಲ್ಲಿಸಿ ಗೆರೆ ಎಳೆದು ಹೋಗಿದ್ದ. ಸಂಜೆ ಬಂದು ನೋಡುತ್ತೇನೆ, ಗೆರೆ ಹಳೆಯ ಕಟ್ಟೆಗೆ ಸರಿಸಮ. ನನಗೆ ಪಿತ್ತ ನೆತ್ತಿಗೇರಿತು.

ರಜೆಯ ದಿನ ಅವನನ್ನು ಮತ್ತೆ ಕರೆಸಿ ಕೇಳಿದೆ. ಅವನು ಬಲು ನಿಧಾನದ ಮನುಷ್ಯ.

“ಚೀಟೀಲಿ ಸೊಂಟ ಅಂತಿತ್ತು ಅಕ್ಕ. ಮನೇಲಿ ಇದ್ದಿದ್ದು ಒಂದೇ ಸೊಂಟ.”

ನಗು ಬಂದರೂ ನುಂಗಿಕೊಂಡೆ. ನಾನು ಗೋಡೆಗೆ ನಿಂತೆ, ಅವನು ಇನ್ನೊಂದು ಗೆರೆ ಎಳೆದ. ಎರಡರ ನಡುವೆ ಆರು ಅಂಗುಲ. ಅತ್ತೆ ಬಾಗಿಲ ಬಳಿ ಕುರ್ಚಿಯಲ್ಲಿ ಕೂತು ಬೀನ್ಸ್ ನಾರು ತೆಗೆಯುತ್ತಿದ್ದರು. ಅಮ್ಮ ಒಂದು ಮಣೆ ಹತ್ತಿ ನಿಂತರಾಯಿತು ಎಂದು ನಮ್ಮ ಮನೆಯವರು ಪರಿಹಾರ ಸೂಚಿಸಿದರು. ಈ ವಯಸ್ಸಿನಲ್ಲಿ ಕುದಿನೀರು ಹಿಡಿಸಿ ಮಣೆ ಹತ್ತಿಸಿದರೆ ಕಲ್ಲು ಐವತ್ತು ವರ್ಷ ಉಳಿಯುತ್ತದೆ, ಅಜ್ಜಿ ಉಳಿಯುವುದಿಲ್ಲ ಎಂದು ಕಲ್ಲಿನವನು ಗೊಣಗಿದ. ಕಟ್ಟೆಯನ್ನು ಎರಡು ಮಟ್ಟದಲ್ಲಿ ಮಾಡಬಹುದು, ಉದ್ದದ ಭಾಗ ನನಗೆ, ಮೂಲೆಯದು ಅಜ್ಜಿಗೆ ಎಂದ. ಆದರೆ ನಡುವೆ ಇನ್ನೊಂದು ಗೋಡೆ ಬೇಕು, ಕಲ್ಲು ಹೆಚ್ಚು ಕಡೆ ಕೊಯ್ಯಬೇಕು, ಅಂಚಿಗೆ ಪಾಲಿಶ್ ಹಿಡಿಸಬೇಕು. ಅಷ್ಟಕ್ಕೆ ನಮ್ಮ ದುಡ್ಡು ಸಾಲದು. ನಮ್ಮ ಮನೆಯವರು ನೋಟ್ ಪುಸ್ತಕ ತೆರೆದು ಹಾಳೆ ತಿರುವಿದರು, ಅದರಲ್ಲಿ ಇದಕ್ಕೆ ಉತ್ತರ ಇರಲಿಲ್ಲ.

ಅತ್ತೆ ತಲೆ ಎತ್ತದೆಯೇ ಮಾತಾಡಿದರು.

“ನೀನು ಬರೆದಿಟ್ಟಿದ್ದು ನಾನೂ ಓದಿದೆ ಕಣೋ. ಪ್ಲೈವುಡ್ ಐದು ವರ್ಷ ಅಂತಿದೆ. ಅವಳ ಕಡೆ ಕಲ್ಲು ಹಾಕ್ಸು, ನನ್ನ ಕಡೆ ಪ್ಲೈವುಡ್ ಹಾಕ್ಸು. ನನಗೆ ಅಷ್ಟು ಸಾಕು.”

ಬೇಸರದಿಂದ ಹೇಳಿದ ಮಾತಲ್ಲ, ಚುಚ್ಚುಮಾತೂ ಅಲ್ಲ. ಅಂಗಡಿಯಲ್ಲಿ ಸಣ್ಣ ಪೊಟ್ಟಣ ಸಾಕು ಎನ್ನುವ ಹಾಗೆ ಹೇಳಿದರು. ನಮ್ಮ ಮನೆಯವರು ಪುಸ್ತಕ ಮುಚ್ಚಿ ಕಿಟಕಿಯ ಕಡೆ ತಿರುಗಿದರು.

ನಾನು ಸುಳ್ಳು ಹೇಳುವುದಿಲ್ಲ, ಮೊದಲು ನನಗೆ ಸಮಾಧಾನವೇ ಆಯಿತು. ಎಲ್ಲ ಸರಿಹೋಯಿತಲ್ಲ ಎನ್ನಿಸಿತು. ಆ ಸಮಾಧಾನ ಎಂಥದ್ದೆಂದು ಹೊಳೆದದ್ದು ಆಮೇಲೆ. ಅತ್ತೆಗೆ ಇನ್ನೈದೇ ವರ್ಷ ಎಂಬ ಮಾತಿಗೆ ನಾನು ಒಳಗೊಳಗೇ ತಲೆಯಾಡಿಸಿದ್ದೆ. ನಾಚಿಕೆಯಿಂದ ಅವರ ಮುಖ ನೋಡಲಾಗಲಿಲ್ಲ.

ಎರಡೂ ಕಡೆ ಕಲ್ಲನ್ನೇ ಹಾಕಿ, ಕಟ್ಟೆಯನ್ನೇ ಚಿಕ್ಕದು ಮಾಡಿದರೆ ದುಡ್ಡು ಸಾಲುತ್ತದೆಯೇ ಎಂದು ಕಲ್ಲಿನವನನ್ನು ಕೇಳಿದೆ. ಅವನು ಟೇಪು ಹಿಡಿದು ಅಳೆದ, ಬೆರಳು ಮಡಚಿ ಬಿಡಿಸಿದ.

“ಎರಡು ಗೇಣು ಬಿಡಬೇಕಾಗುತ್ತೆ. ಯಾರ ಕಡೆ ಕಳೀಲಿ ಅಕ್ಕ?”

ಎರಡು ಗೇಣು ಎಂದರೆ ತೊಳೆದ ಪಾತ್ರೆ ಬೋರಲು ಹಾಕುವ ಜಾಗ. ಅಷ್ಟೂ ಹೋಗುತ್ತದೆ.

“ನನ್ನ ಕಡೆ. ಕಲ್ಲು ಮಾತ್ರ ಇಬ್ಬರಿಗೂ ಒಂದೇ ಇರ್ಲಿ,” ಅಂದೆ.

ಅತ್ತೆ ಬೇಡ ಎನ್ನುತ್ತಾರೆಂದು ಕಾದೆ. ಅವರು ಬೀನ್ಸಿನ ತಟ್ಟೆ ಕೆಳಗಿಟ್ಟು, ಬಾಗಿಲು ಹಿಡಿದು ಎದ್ದು ಬಂದು, ಗೋಡೆಯಲ್ಲಿ ತಮ್ಮ ಗೆರೆಯ ಮೇಲೆ ಬೆರಳಿಟ್ಟರು.

“ಹಾಗಾದ್ರೆ ಇದನ್ನ ಇನ್ನೆರಡು ಬೆರಳು ಕೆಳಗೆ ಹಾಕಪ್ಪ,” ಎಂದರು ಕಲ್ಲಿನವನಿಗೆ. “ಐವತ್ತು ವರ್ಷದ ಕಲ್ಲು. ಅಷ್ಟರಲ್ಲಿ ನಾನು ಇನ್ನೂ ಗಿಡ್ಡ ಆಗ್ತೀನಿ.”