ಸಾತವ್ವನ ಮನೆಯ ಸರ್ಕಾರಿ ಬೀಗ

ನಾನು ಹಿತ್ತಾಳೆಯ ಬೀಗ. ಸಂದಿಯೊಂದರ ಸಣ್ಣ ಕಾರ್ಖಾನೆಯಲ್ಲಿ ಕೂತು ಕೆಲಸ ಮಾಡುತ್ತಿದ್ದ ಮುದುಕನೊಬ್ಬ ನನ್ನ ಹೊಟ್ಟೆಯೊಳಗಿನ ತಗಡುಗಳನ್ನು ಜೋಡಿಸಿ, ಅರದಿಂದ ಮೈ ಉಜ್ಜಿ, ಕೀಲಿಕೈ ತಿರುಗಿಸಿ ನೋಡಿ ಪಕ್ಕಕ್ಕಿಟ್ಟ. ಒಳಗಿರುವುದನ್ನು ಕಾಯಬೇಕು, ಒಡೆಯ ಬಂದರೆ ಬಿಟ್ಟುಕೊಡಬೇಕು. ನಮ್ಮ ಬಾಳು ಇಷ್ಟು ಸರಳ ಎಂದು ನಂಬಿಕೊಂಡೇ ಲಾರಿ ಹತ್ತಿದೆ. ಯಾವುದಾದರೂ ಕಿರಾಣಿ ಅಂಗಡಿಗೆ ಹೋಗಿದ್ದರೆ ಹಾಗೆಯೇ ಇರುತ್ತಿತ್ತೋ ಏನೋ. ನಾನು ಹೋಗಿ ಸೇರಿದ್ದು ತಾಲ್ಲೂಕು ಕಚೇರಿಗೆ.

ಆ ತಾಲ್ಲೂಕಿನಲ್ಲಿ ಹೊಳೆಯ ದಂಡೆಗೆ ಕೆಂಗಲಹಾಳ ಎಂಬ ಊರು. ನಾನು ಬರುವ ಮೊದಲೇ ಅಲ್ಲಿ ಗಲಭೆಯಾಗಿ ಒಂದು ಓಣಿಯೇ ಸುಟ್ಟುಹೋಗಿತ್ತು. ಅಲ್ಲಿಯವರೆಲ್ಲ ಹೊಳೆ ದಾಟಿ, ಪಕ್ಕದ ರಾಜ್ಯದ ಶಿಬಿರದಲ್ಲಿ ಕೆಲವು ಮಳೆಗಾಲ ಕಳೆದಿದ್ದರು. ಈಗ ಶಾಂತಿಸಭೆಗಳು ಮುಗಿದು ಅವರು ಮರಳಿ ಬರುತ್ತಿದ್ದರು. ಸರ್ಕಾರವೂ ಒಂದು ದಾನಿ ಸಂಸ್ಥೆಯೂ ಕೈಜೋಡಿಸಿ ಅವರನ್ನು ನೆಲೆಗೊಳಿಸುವುದೆಂದು ತೀರ್ಮಾನವಾಗಿತ್ತು. ಈ ಕೈಜೋಡಿಸುವುದನ್ನು ನನ್ನಷ್ಟು ಹತ್ತಿರದಿಂದ ನೋಡಿದವರು ಯಾರೂ ಇಲ್ಲ.

ನನ್ನ ಮೊದಲ ಕೆಲಸ ಉಗ್ರಾಣದ ಬಾಗಿಲು. ಒಳಗೆ ದಾನಿ ಸಂಸ್ಥೆ ಕಳಿಸಿದ ಕಂಬಳಿಗಳು. ಹೊರಗೆ ಚಳಿಯಲ್ಲಿ ಕೈ ಉಜ್ಜಿಕೊಳ್ಳುತ್ತ ನಿಂತ ಜನ. ಕಂಬಳಿ ಸಂಸ್ಥೆಯದು, ಉಗ್ರಾಣ ಸರ್ಕಾರದ್ದು, ಹಂಚುವ ದಿನ ಇಬ್ಬರೂ ಇರಬೇಕು. ಇವರು ಬಂದ ದಿನ ಅವರಿಲ್ಲ, ಅವರು ಬಂದ ದಿನ ಇವರಿಗೆ ಸಭೆ. ಕೊನೆಗೂ ಹಂಚಿದಾಗ ಹೊಲದಲ್ಲಿ ಜೋಳದ ತೆನೆ ಮುರಿದು ಬಿಸಿಲು ಏರಿತ್ತು. ಮುದುಕಿಯೊಬ್ಬಳು ಕಂಬಳಿಯನ್ನು ತಲೆಯ ಮೇಲೆ ಮಡಚಿ ಹಾಕಿಕೊಂಡು, “ಪುಣ್ಯಾ ಬರ್ಲಿ, ನೆಳ್ಳಿಗರೆ ಆತು” ಎಂದು ಹೋದಳು. ಅರ್ಧ ಕಂಬಳಿಗಳನ್ನು ಅಷ್ಟರಲ್ಲಿ ಇಲಿಗಳು ತಿಂದಿದ್ದವು. ನಾನು ಇಲಿಗಳಿಗಾಗಿ ಕಾವಲು ಕಾದಿದ್ದೆ.

ಅಲ್ಲಿಂದ ನನ್ನನ್ನು ಊರ ಹೊರಗಿನ ಹೊಸ ವಸತಿಗೆ ತಂದರು. ಸರ್ಕಾರದ ಜಾಗ, ಸರ್ಕಾರದ ಗೋಡೆ. ಸಂಸ್ಥೆಯ ತಗಡು, ಸಂಸ್ಥೆಯ ಬಾಗಿಲು. ಬಾಗಿಲುಗಳನ್ನು ಸಂಸ್ಥೆಯ ನಕ್ಷೆಯಂತೆಯೇ ಕೂರಿಸಬೇಕೆಂದು ಅಪ್ಪಣೆ. ಆ ನಕ್ಷೆ ಯಾವ ದೇಶದಲ್ಲಿ ಬರೆದದ್ದೋ, ಬಾಗಿಲು ಹೊರಕ್ಕೆ ತೆರೆಯುತ್ತಿತ್ತು. ಊರ ಬಡಿಗ ಮೌನಪ್ಪ ದಾರಿಯಲ್ಲಿ ಹೋಗುವವನು ನಿಂತು ನೋಡಿ, “ಬಂದ ಬೀಗರನ್ನ ಬಾಗಲಾನ ದಬ್ಬತೈತಿ ನೋಡ್ರಿ” ಎಂದು ನಕ್ಕು ಹೋಗಿದ್ದ. ಹಾಗಾಗಿ ಕದ ತಿರುಗುವ ಬಿಜಾಗರಿಗಳೂ ಅವುಗಳ ಸ್ಕ್ರೂಗಳೂ ಬಿಸಿಲು ಕಾಯುತ್ತ ಹೊರಗಡೆಯೇ ಇದ್ದವು.

ಮನೆ ಮುಗಿಯಿತು. ಹಸ್ತಾಂತರ ಯಾರು ಮಾಡಬೇಕು? ಸರ್ಕಾರ ನಾನು ಎಂದಿತು, ಸಂಸ್ಥೆ ನಾನು ಎಂದಿತು. ಜಂಟಿಯಾಗಿ ಎಂದು ರಾಜಿಯಾಯಿತು. ಹಾಗಾಗಿ ಪ್ರತಿ ಬಾಗಿಲಿಗೂ ಎರಡು ಮಡಚುವ ಕೊಂಡಿಪಟ್ಟಿ, ಎರಡು ಬೀಗ. ಮೇಲಿನ ಪಟ್ಟಿಗೆ ನಾನು, ಕೆಳಗಿನದಕ್ಕೆ ಸಂಸ್ಥೆಯ ಉಕ್ಕಿನ ಬೀಗ, ಮೈಮೇಲೆ ಅವರ ನೀಲಿ ಬಣ್ಣದ ಗುರುತು. ನನ್ನ ಕೀಲಿಕೈ ಸರ್ಕಾರದ ಕಡೆಯಿಂದ ಊರ ಲೆಕ್ಕ ನೋಡುವ ತಲಾಟಿ ಹಿರೇಮಠರ ಬಳಿ, ಅದರದು ನಗರದಲ್ಲಿರುವ ಸಂಸ್ಥೆಯ ಮೇಡಂ ಬಳಿ. ಹಸ್ತಾಂತರಕ್ಕೆ ಮೊದಲು ಯಾರಾದರೂ ಬೀಗ ಮುರಿದರೆ ಆ ಮನೆ ಅವರಿಗಿಲ್ಲ ಎಂದು ಡಂಗುರ ಸಾರಿಸಿದರು.

ನಾನು ಜೋತುಬಿದ್ದ ಮನೆ ಸಾತವ್ವ ಎಂಬ ವಿಧವೆಯದು. ಮನೆಯ ಎದುರಿಗೇ ತಾಡಪತ್ರಿ ಕಟ್ಟಿಕೊಂಡು ಇದ್ದಳು. ತನ್ನ ಮನೆಯ ಅಂಗಳವನ್ನು ದಿನಾ ಗುಡಿಸಿ, ಸಗಣಿ ಸಾರಿಸಿ, ರಂಗೋಲಿ ಎಳೆದು, ಮತ್ತೆ ತಾಡಪತ್ರಿಯೊಳಗೆ ನುಸುಳುತ್ತಿದ್ದಳು. ಒಳಗೆ ಖಾಲಿ ನೆಲ, ನಾಲ್ಕು ಗೋಡೆ. ಕಳ್ಳನಿಗೆ ಬೇಕಾದದ್ದು ಏನೂ ಇಲ್ಲ. ಒಡತಿಯನ್ನು ಹೊರಗಿಡುವುದಕ್ಕಷ್ಟೇ ನಾನು!

ಅವಳಿಗೆ ಅವಸರವಿತ್ತು. ಮಗಳು ಶೇವಂತಿ ಬಸುರಿ. ಮೊದಲ ಹೆರಿಗೆ ಹೊಳೆಯಾಚೆಯ ಶಿಬಿರದಲ್ಲಿ, ಸೀರೆ ಕಟ್ಟಿದ ಮರೆಯಲ್ಲಿ ಆಗಿತ್ತು. ಗಾಳಿ ನೇರ ಬೀಸುತ್ತಿತ್ತು. ಕೂಸಿಗೆ ಎದೆ ಕಟ್ಟಿತು, ಉಳಿಯಲಿಲ್ಲ. ಈ ಸಲ ಮಗಳನ್ನು ಹೊರಸಿನ ಮೇಲೆ ಮಲಗಿಸಿ, ಕೆಳಗೆ ಕೆಂಡ ಇಟ್ಟು, ಗಾಳಿ ಸೋಕದಂತೆ ಬಾಣಂತನ ಮಾಡಬೇಕು ಎನ್ನುವುದೊಂದೇ ಸಾತವ್ವನ ಧ್ಯಾನ. ಅದಕ್ಕೆ ಮುಚ್ಚುವ ಕದವಿರುವ ಕೋಣೆ ಬೇಕು. ಮಗಳ ಅತ್ತೆ ದುಂಡವ್ವ ನೋಡಿಕೊಂಡು ಹೋಗಲು ಬಂದವಳು ತಾಡಪತ್ರಿಯ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಳು.

“ನನ್ನ ಸೊಸೀನ ಇದರಾಗ ಹಡಸ್ತಿಯೇನವ್ವಾ?”

“ಮನೀ ಐತೆಲ್ಲಬೇ ಎದುರಿಗೆ.”

“ಕೀಲಿನೂ ಐತೆಲ್ಲ! ಒಂದಲ್ಲ, ಎರಡು! ಕೀಲಿ ತಗದ ಮ್ಯಾಲ ಹೇಳಿ ಕಳಸು. ಅಲ್ಲೀಮಟ ಕಳಸಾಂಗಿಲ್ಲ.”

ಸಾತವ್ವ ಕಚೇರಿಗೆ ಅಲೆದಳು. ಒಂದು ದಿನ ಹಿರೇಮಠರು ಮೋಟಾರ್‌ಸೈಕಲ್ಲಿನಲ್ಲಿ ಬಂದು, ಬೇಸರದಿಂದಲೇ ನನ್ನನ್ನು ತೆರೆದರು. ನಾನು ಕೊಂಡಿಯಿಂದ ಕಳಚಿ ಅವರ ಕೈಯಲ್ಲಿ ಕೂತು ಹಿಗ್ಗಿದೆ.

“ನಂದು ತಗದೀನಿ ನೋಡವಾ. ಇನ್ನ ಅವರದು.”

“ಅವರ ಎಲ್ಲಿ ಅದಾರ್ರಿ?”

“ನನಗೇನ ಗೊತ್ತು? ಬರ್ತೇನಿ ಅಂದಿದ್ರು.”

ಸಂಜೆಯವರೆಗೆ ಮೇಡಂ ಬರಲಿಲ್ಲ. ಹಿರೇಮಠರು ನನ್ನನ್ನು ಮತ್ತೆ ಹಾಕಿ ಹೋದರು. ಮುಂದಿನ ವಾರ ಮೇಡಂ ಜೀಪಿನಲ್ಲಿ ಬಂದರು, ಕೆಳಗಿನದನ್ನು ತೆರೆದರು, ತಲಾಟಿಯನ್ನು ಕೇಳಿದರು. ತಲಾಟಿ ಚುನಾವಣೆಯ ಕೆಲಸಕ್ಕೆ ಹೋಗಿದ್ದರು.

“ನಾವು ನಮ್ಮ ಕಡೆಯಿಂದ ಸಿದ್ಧರಿದ್ದೇವಮ್ಮ, ನೀವೇ ನೋಡಿದಿರಲ್ಲ” ಎಂದರು ಮೇಡಂ.

“ನೀವು ಸಿದ್ಧ, ಅವರೂ ಸಿದ್ಧ, ನಾನೂ ಸಿದ್ಧರಿ. ನನ್ನ ಮಗಳ ಹೊಟ್ಟಿ ಅಷ್ಟ ನಿಮ್ಮ ಸಭಾಕ್ಕ ಕಾಯಾಂಗಿಲ್ಲ.”

ಮೇಡಂ ಪಾಪ, ತಲೆ ತಗ್ಗಿಸಿದರು. ಆದರೂ ಕಟ್‌ ಎಂದು ಬೀಗ ಒತ್ತಿಯೇ ಹೋದರು. ನಿಯಮ.

ಮಳೆಯ ಮೋಡ ಕಟ್ಟಿದ ಒಂದು ಮಧ್ಯಾಹ್ನ ಎತ್ತಿನ ಗಾಡಿ ಬಂತು. ಗಾಡಿಯಲ್ಲಿ ನೋವು ತಿನ್ನುತ್ತಿದ್ದ ಶೇವಂತಿ, ಪಕ್ಕದಲ್ಲಿ ದುಂಡವ್ವ. “ಅವ್ವನ ಕಡೇನ ಹೋಗ್ತೇನಿ ಅಂತ ಗ್ವಾಡಿಗೆ ತಲಿ ಬಡಕೊಂಡ್ಲು ನಿನ್ನ ಮಗಳು. ಏನ ಮಾಡ್ಲಿ ನಾ?” ಎಂದು ಇಳಿಯುವ ಮೊದಲೇ ಕೂಗಾಡಿದಳು. ಗಾಳಿಗೆ ತಾಡಪತ್ರಿಯ ಒಂದು ಮೂಲೆ ಕಿತ್ತು ಪಟಪಟ ಬಡಿಯುತ್ತಿತ್ತು. ಸಾತವ್ವ ಕಲ್ಲು ಎತ್ತಿಕೊಂಡು ನನ್ನ ಮುಂದೆ ಬಂದು ನಿಂತಳು. ಹೊಡಿ, ಎಂದೆ ನಾನು ಮನಸ್ಸಿನಲ್ಲಿ. ಅವಳು ಹೊಡೆಯಲಿಲ್ಲ. ಹೊಡೆದರೆ ಮನೆಯೇ ಹೋಗುತ್ತದೆ.

ದುಂಡವ್ವ ಬಾಗಿಲನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದಳು.

“ಏನಂದಾರ ಅವರು?”

“ಕೀಲಿ ಮುರೀಬಾರದು ಅಂದಾರ.”

“ಬಿಜಾಗರಿ ಬಿಚ್ಚಬಾರದು ಅಂದಾರೇನು?”

ಸಾತವ್ವ ಕಲ್ಲು ಕೆಳಗಿಟ್ಟಳು.

ದುಂಡವ್ವನ ಕೂಗಿಗೆ ಬಡಿಗ ಮೌನಪ್ಪ ಹತಾರದ ಚೀಲ ಹಿಡಿದು ಬಂದ. ಮರಳಿ ಬಂದ ಮೇಲೆ ಸಾತವ್ವ ಅವನೊಡನೆ ಒಂದು ಮಾತೂ ಆಡಿರಲಿಲ್ಲ. ಅವನು ಸ್ಕ್ರೂ ಬಿಚ್ಚುತ್ತಿದ್ದಾಗ ಬೆನ್ನ ಹಿಂದೆ ನಿಂತು ಹೇಳಿದಳು: “ಬೆಂಕಿ ಬಿದ್ದ ದಿನ ನಿನ್ನ ಮನೀ ಮುಂದ ನಿಂತು ಒದರಿದ್ದೆ. ಕೇಳಿತ್ತೋ ಇಲ್ಲೋ?”

ಮೌನಪ್ಪನ ಬಾಯಿ ತುಂಬ ಸ್ಕ್ರೂಗಳಿದ್ದವು. ಒಂದೊಂದನ್ನೇ ಬಿಚ್ಚಿ ಹಲ್ಲಿನ ನಡುವೆ ಇಟ್ಟುಕೊಳ್ಳುತ್ತಿದ್ದ. ತಲೆ ಮಾತ್ರ ಆಡಿಸಿದ, ಹೌದು ಎಂಬಂತೆ. ಕೊನೆಯ ಸ್ಕ್ರೂ ಬಂದ ಕೂಡಲೇ ಕದದ ಭಾರವೆಲ್ಲ ನಮ್ಮಿಬ್ಬರ ಮೇಲೆ ಬಿತ್ತು. ನನ್ನ ಕುತ್ತಿಗೆ ಹರಿದೇ ಹೋಯಿತೆಂದುಕೊಂಡೆ. ಹರಿಯಲಿಲ್ಲ. ಕೊಂಡಿಪಟ್ಟಿಗಳು ಮಡಚಿಕೊಂಡವು, ಕದ ಬೀಗಗಳ ಮೇಲೆಯೇ ತಿರುಗಿ ತೆರೆಯಿತು. ಶೇವಂತಿಯನ್ನು ಇಬ್ಬರೂ ತಾಯಂದಿರು ಹಿಡಿದು ಒಳಗೆ ಕರೆದೊಯ್ದರು. ಮೌನಪ್ಪ ಬಿಜಾಗರಿಯ ಕಡೆಗೆ ಒಳಗಿನಿಂದ ಒಂದು ಚಿಲಕ ಹೊಡೆದು, ಸಂದಿಗೆ ಗೋಣಿ ತುರುಕಿ, ಮಳೆಯಲ್ಲಿ ನೆನೆಯುತ್ತ ಹೋದ. ಸೂರ್ಯ ಮುಳುಗುವ ಹೊತ್ತಿಗೆ ಒಳಗಿನಿಂದ ಕೂಸಿನ ಅಳು ಕೇಳಿತು. ಜೋರು ದನಿ. ಹೆಣ್ಣು.

ಕೂಸನ್ನು ತೊಟ್ಟಿಲಿಗೆ ಹಾಕಿದ ಮೇಲೆ, ಬಹಳ ದಿನಗಳ ನಂತರ, ಹಿರೇಮಠರೂ ಮೇಡಂ ಅವರೂ ಒಂದೇ ಜೀಪಿನಿಂದ ಇಳಿದರು. ಇಬ್ಬರ ಕೈಯಲ್ಲೂ ಕೀಲಿಕೈ. ಒಳಗಿನಿಂದ ಬರುವ ಹೊಗೆ ನೋಡಿದರು, ಬೀಗ ನೋಡಿದರು.

“ಕೀಲಿ ಹಾಕಿದ್ದು ಹಾಕಿದಂಗ ಐತಲ್ಲವಾ! ಒಳಗ ಹೆಂಗ ಹೋದಿ?” ಎಂದರು ಹಿರೇಮಠರು.

“ಬಾಗಲದಿಂದರಿ.”

ಹಿರೇಮಠರು ನನ್ನತ್ತ ಕೈಚಾಚಿದರು. ಸಾತವ್ವ ಅಡ್ಡ ಬಂದಳು.

“ಬ್ಯಾಡ್ರಿ. ಕೀಲಿ ತಗದ್ರ ಕದಾ ಬೀಳತೈತಿ. ಕೂಸು ಮಲಗೇತಿ.”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಿಯಮದಲ್ಲಿ ಇದಕ್ಕೆ ಏನೂ ಇರಲಿಲ್ಲ. ಮೇಡಂ ಮೊದಲು ನಕ್ಕರು. ಹಿರೇಮಠರು ನಗಲಿಲ್ಲ, ಕೀಲಿಕೈಯನ್ನು ಜೇಬಿಗೆ ಹಾಕಿಕೊಂಡು ನೀರು ಕೇಳಿ ಕುಡಿದರು.

ಆಮೇಲೆ ಆ ಕೀಲಿಕೈಗಳು ಎಲ್ಲಿ ಹೋದವೋ ತಿಳಿಯದು. ಈಗ ನನ್ನ ಮೈ ಕಪ್ಪಾಗಿದೆ, ಹೊಟ್ಟೆಯೊಳಗೆ ತುಕ್ಕು. ಕೆಳಗಿನ ಗೆಳೆಯನ ನೀಲಿ ಗುರುತು ಉದುರಿಹೋಗಿದೆ. ನಾವಿಬ್ಬರೂ ತೆರೆಯಲು ಬಾರದವರಾಗಿ, ಕದವನ್ನು ಹೊತ್ತು ನಿಂತಿದ್ದೇವೆ. ಸರ್ಕಾರವೂ ಸಂಸ್ಥೆಯೂ ಕೂಡಿ ಮಾಡಿದ ಕೆಲಸವೆಂದರೆ ನಾನು ಬಲ್ಲಂತೆ ಇದೊಂದೇ. ಅದನ್ನೂ ಅವರು ಮಾಡಲಿಲ್ಲ. ಕೀಲಿ ಹಾಕಿದ ಮನೆಯೊಳಗೆ ದಿನವೂ ಒಲೆ ಉರಿಯುತ್ತದೆ.