ದಯವಿಟ್ಟು ಸ್ವಲ್ಪ ಸಾಯ್ತೀರಾ

“ಡ್ರೆಸ್ಸು ಎಲ್ಲಿ ತಗೊಂಡ್ರಿ?”

ಹಿಂದಿನಿಂದ ಯಾರೋ ತೋಳು ಜಗ್ಗಿ ಕೇಳಿದರು. ಉತ್ತರ ಕೊಡಬಾರದು ಅಂದುಕೊಂಡಳು ಟೆಸ್ಸಾ ಪಾರ್ಫಿಟ್. ಆದರೂ ಕೊಟ್ಟಳು.

“ಇಲಾಖೆಯವರು ಕೊಟ್ಟಿದ್ದು.”

“ಅಬ್ಬಬ್ಬಾ, ಒಂಚೂರಾದ್ರೂ ನಗ್ತಾರಾ ನೋಡೇ! ಪಾತ್ರದೊಳಗೇ ಹೊಕ್ಕುಬಿಟ್ಟಿದಾರೆ,” ಎಂದು ಆ ಮನುಷ್ಯ ಹೆಂಡತಿಗೆ ತೋರಿಸಿದ. ಅವನ ತಲೆಯ ಮೇಲೆ ಸ್ಪಂಜಿನ ಪೊಲೀಸ್ ಟೋಪಿ, ಮೂಗಿನ ಕೆಳಗೆ ಅಂಟಿಸಿದ ಮೀಸೆ. ಹೆಂಡತಿಗೂ ಮೀಸೆ ಇತ್ತು.

ಟೆಸ್ಸಾ ನಿಜವಾದ ಪೊಲೀಸ್. ವಿನ್‌ಸ್ಟೋಕ್‌ನ ಸಂತೆ ಚೌಕದಲ್ಲಿ ಈ ದಿನ ಅದನ್ನು ನಂಬುವವಳು ಅವಳೊಬ್ಬಳೇ. ಮಧ್ಯಾಹ್ನವಾಗುವಷ್ಟರಲ್ಲಿ ಅವಳಿಗೂ ಅನುಮಾನ ಶುರುವಾಗಿತ್ತು.

ಅವಳು ಹೈಸ್ಕೂಲಿನಲ್ಲಿದ್ದಾಗ ಈ ಊರಿನಲ್ಲೇ ಒಂದು ಹಾಸ್ಯದ ಸಿನಿಮಾ ತೆಗೆದಿದ್ದರು. ಕಪ್ಪು ಕನ್ನಡಕ, ಎರಡು ಕೈಗೆ ಎರಡು ಪಿಸ್ತೂಲು, ಗಾಳಿಯಲ್ಲಿ ಹಾರುವ ಕಾರು ಎಂದು ಅಮೆರಿಕದ ಪೊಲೀಸ್ ಚಿತ್ರಗಳ ಸರಂಜಾಮನ್ನೆಲ್ಲ ಹೊತ್ತು ತಂದು, ಫಲಪುಷ್ಪ ಪ್ರದರ್ಶನದಲ್ಲಿ ಬಹುಮಾನದ ಕುಂಬಳಕಾಯಿ ಕಳುವಾದರೆ ಅದೇ ಮಹಾಪರಾಧ ಎನ್ನುವಂಥ ಇಂಗ್ಲೆಂಡಿನ ಸಾಮರ್‌ಸೆಟ್ಟಿನ ಊರಿನಲ್ಲಿ ಇಳಿಸಿದ್ದರು. ನಾಯಕ ಒಬ್ಬ ಪಾಪದ ಕಾನ್‌ಸ್ಟೇಬಲ್. ಕಳ್ಳನ ಬಾಗಿಲು ಒದೆಯುವ ಮುಂಚೆ ಕಾಲೊರಸಿಕೊಳ್ಳುತ್ತಾನೆ. ಗುಂಡು ಹಾರಿಸುವ ಮುಂಚೆ ಕ್ಷಮೆ ಕೇಳುತ್ತಾನೆ. ಊರಿಗೂರೇ ಕಳ್ಳರ ಗುಂಪು ಎಂದು ಗೊತ್ತಾದ ಮೇಲೆ, ಚೌಕದ ಹಳೆಯ ಕಲ್ಲುಶಿಲುಬೆಯ ಮೆಟ್ಟಿಲೇರಿ ನಿಂತು, “ಕ್ಷಮಿಸಬೇಕು, ತಾವೆಲ್ಲ ದಯವಿಟ್ಟು ಸ್ವಲ್ಪ ಸಾಯ್ತೀರಾ?” ಎನ್ನುತ್ತಾನೆ. ಎಲ್ಲರೂ ದೊಪ್ಪನೆ ಬೀಳುತ್ತಾರೆ.

ಪ್ರತಿ ಬೇಸಿಗೆಯಲ್ಲಿ ಒಂದು ಶನಿವಾರ ಅಭಿಮಾನಿಗಳು ಆ ನಾಯಕನ ವೇಷ ತೊಟ್ಟು ಎಲ್ಲೆಲ್ಲಿಂದಲೋ ಬಂದು, ಮೂರು ಗಂಟೆಗೆ ಧ್ವನಿವರ್ಧಕದಲ್ಲಿ ಆ ಮಾತು ಕೇಳಿಸಿಕೊಂಡು, ಹಾಗೆಯೇ ಬೀಳುತ್ತಿದ್ದರು. ಬಿದ್ದೆದ್ದು ಮೈ ಕೊಡವಿಕೊಂಡು ಸೈಡರ್ ಎಂಬ ಸೇಬಿನ ಮದ್ಯ ಕುಡಿಯಲು ಹೋಗುತ್ತಿದ್ದರು. ಇವತ್ತು ಆ ಶನಿವಾರ.

ಟೆಸ್ಸಾ ಆ ಚಿತ್ರ ನೋಡಿದ್ದು ಅಮ್ಮನ ಜೊತೆ, ಹದಿನೈದನೆಯ ವಯಸ್ಸಿನಲ್ಲಿ. ಅಮ್ಮ ಎಡವಿದ ಕುರ್ಚಿಗೂ ‘ಸಾರಿ’ ಹೇಳುವ ಹೆಂಗಸು. ಅಪ್ಪ ತಟ್ಟೆ ಎಸೆದರೆ, ತಟ್ಟೆ ಒಡೆದದ್ದಕ್ಕೆ ಅವಳೇ ‘ಸಾರಿ’ ಹೇಳುತ್ತಿದ್ದಳು. ಪರದೆಯ ಮೇಲೆ ಕಾನ್‌ಸ್ಟೇಬಲ್ ‘ಸಾರಿ’ ಎಂದು ಬಾಗಿಲು ಒದ್ದಾಗ ಅಮ್ಮ ನಕ್ಕಳು. ಟೆಸ್ಸಾ ಹಿಂದೆಂದೂ ಕೇಳಿರದ ನಗು, ಗಂಟಲು ಕಿತ್ತು ಬರುವಂಥದ್ದು. ಮುಂದಿನ ಸಾಲಿನವರು ತಿರುಗಿ ನೋಡಿದರು. ಅಮ್ಮ ಅವರಿಗೆ ‘ಸಾರಿ’ ಹೇಳಿದಳು.

ಟೆಸ್ಸಾ ಆಮೇಲೆ ತತ್ವಶಾಸ್ತ್ರ ಓದಿದಳು. ಓದಿ ಪೊಲೀಸ್ ಸೇರಿದಳು. ಉಳಿದವರು ಗಂಭೀರ ಚಿತ್ರಗಳನ್ನು ನೋಡಿ ಈ ಕೆಲಸಕ್ಕೆ ಬಂದಿದ್ದರೆ, ಅವಳು ಅವುಗಳ ಅಣಕ ನೋಡಿ ಬಂದಿದ್ದಳು. ಇದನ್ನು ಯಾರ ಮುಂದೆ ಹೇಳುವುದು? ಸೋಮವಾರ ಸಾರ್ಜೆಂಟ್ ಹುದ್ದೆಗೆ ಸಂದರ್ಶನ. ಈ ಕೆಲಸಕ್ಕೆ ಯಾಕೆ ಬಂದಿರಿ ಎಂದು ಮೊದಲು ಅದನ್ನೇ ಕೇಳುತ್ತಾರಂತೆ.

ಶಿಲುಬೆಯ ಬಳಿ ಬೆಂಚಿನ ಮೇಲೆ ಕೂಂಬ್ಸ್ ಕೂತಿದ್ದರು. ನಿವೃತ್ತ ಸಾರ್ಜೆಂಟ್, ಅವಳಿಗೆ ಕೆಲಸ ಕಲಿಸಿದವರು. ಬಿಸಿಲಲ್ಲೂ ಟೈ ಕಟ್ಟಿದ್ದರು. ತೊಡೆಯ ಮೇಲೆ ಅರ್ಧ ತಿಂದ ಪ್ಯಾಸ್ಟಿ, ಮಾಂಸ ತುಂಬಿ ಬೇಯಿಸಿದ ಕಡುಬು.

“ಮನೆಗೆ ಹೋಗಬಾರದಾ, ಸಾರ್? ಬಿಸಿಲು.”

“ಯಾಕೆ, ನಾನೇನ್ ಬೆಣ್ಣೆನಾ ಕರಗೋಕೆ?” ಎಂದು ಎಡಗೈ ಉಜ್ಜಿಕೊಂಡರು. “ಸೋಮವಾರ ಏನ್ ಹೇಳ್ತೀಯ?”

“ಜನಸೇವೆ ಮಾಡೋಕೆ ಬಂದೆ ಅಂತ.”

“ಥೂ. ಮೊದಲನೇ ದಿನ ನನಗೂ ಅದನ್ನೇ ಹೇಳಿದ್ದೆ. ಆವತ್ತೂ ನಂಬ್ಲಿಲ್ಲ ಕಣಮ್ಮ.”

ಅವಳು ತನ್ನ ಬೂಟು ನೋಡಿಕೊಂಡಳು. ಇಡೀ ಊರಿನಲ್ಲಿ ಅವಳಿಗೆ ಬೇಕಾಗಿದ್ದದ್ದು ಈ ಒಬ್ಬ ಮುದುಕನ ನಂಬಿಕೆ. ಅವರು ಒಮ್ಮೆ ‘ನೀನು ಪೊಲೀಸ್ ಕಣೇ’ ಅಂದಿದ್ದರೆ ಸಾಕಿತ್ತು, ಸೋಮವಾರ ಯಾರು ಏನು ಬೇಕಾದರೂ ಕೇಳಿಕೊಳ್ಳಲಿ.

“ಆ ಚಿತ್ರ ನೋಡಿದೀರಾ, ಸಾರ್?”

“ಹೂಂ.”

“ನಕ್ರಾ?”

“ನಗೋಕೇನಿದೆ ಅದರಲ್ಲಿ? ಮೂವತ್ತು ವರ್ಷ ಇದೇ ಚೌಕದಲ್ಲಿ ಕ್ಷಮಿಸಿ, ದಯವಿಟ್ಟು, ಸ್ವಲ್ಪ ಅಂತ ಬಾಯಿ ಸವೆಸಿದೆ. ಒಬ್ಬನಾದ್ರೂ ಮಲಗಿದ್ನಾ? ಗಾಡಿ ಪಕ್ಕಕ್ಕೆ ಹಾಕಪ್ಪ ಅಂದ್ರೆ ಹಾಕ್ಲಿಲ್ಲ ನನ್ಮಕ್ಳು.” ಪ್ಯಾಸ್ಟಿಯ ಅಂಚು ಮುರಿದರು. “ಆ ಕೊನೇ ಸೀನು ಮಾತ್ರ ಹಿಂದಕ್ಕೆ ಹಾಕಿಕೊಂಡು ಎರಡು ಸಲ ನೋಡ್ದೆ. ಯಾರಿಗೂ ಹೇಳ್ಬೇಡ.”

ಟೆಸ್ಸಾ ಅವರ ಕಡೆಗೆ ಬಾಗಿದಳು. ಈಗ ಹೇಳಬಹುದು. ಅಮ್ಮ, ತಟ್ಟೆ, ಆ ಕತ್ತಲೆ, ಆ ನಗು, ಎಲ್ಲ. ಮಾತು ತುಟಿಯ ತನಕ ಬಂದಿತ್ತು.

ಅಷ್ಟರಲ್ಲಿ ಔಷಧಿ ಅಂಗಡಿಯ ಎದುರು ಗಲಾಟೆ ಎದ್ದಿತು. ಇಬ್ಬರು ಮೀಸೆಯವರು ಆಟಿಕೆ ಪಿಸ್ತೂಲಿಗಾಗಿ ನಿಜವಾಗಿಯೇ ಕೈ ಮಿಲಾಯಿಸಿದ್ದರು.

“ಬಂದೆ, ಸಾರ್. ನಿಮಗೊಂದು ಮಾತು ಹೇಳೋದಿದೆ.”

“ಹೋಗು ಹೋಗು. ಮೊದಲು ಕ್ಷಮಿಸಿ ಅನ್ನು, ಆಮೇಲೆ ಕುತ್ತಿಗೆಪಟ್ಟಿ ಹಿಡಿ,” ಎಂದು ಕೂಂಬ್ಸ್ ಕೈ ಬೀಸಿದರು.

ಇಬ್ಬರನ್ನೂ ಬಿಡಿಸಿ, ಮೂಗೊರಸಿ, ಬುದ್ಧಿ ಹೇಳಿ ಅವಳು ಹಿಂತಿರುಗುವಾಗ ಬೆಂಚು ಖಾಲಿಯಿತ್ತು. ಶಿಲುಬೆಯ ಸುತ್ತ ಜನ ಕವಿದಿದ್ದರು. ಎಲ್ಲರೂ ಮೊಬೈಲು ಎತ್ತಿ ಹಿಡಿದಿದ್ದರು.

“ಈ ತಾತ ಮೂರು ಗಂಟೆಗೆ ಮುಂಚೇನೇ ಸತ್ತುಬಿಟ್ರಲ್ಲಪ್ಪೋ!” ಎಂದು ಯಾರೋ ಕೂಗಿದರು. ಗೊಳ್ಳೆಂದು ನಗು.

ಕೂಂಬ್ಸ್ ಮೆಟ್ಟಿಲ ಬುಡದಲ್ಲಿ ಬಿದ್ದಿದ್ದರು. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಟೆಸ್ಸಾ ಮಂಡಿಯೂರಿದಳು. ಅವರ ಉಸಿರು ನಿಂತಿತ್ತು. ವೈರ್‌ಲೆಸ್ಸಿನಲ್ಲಿ ಆಂಬುಲೆನ್ಸ್ ಕರೆದು, ಟೈ ಕಿತ್ತೆಸೆದು, ಎರಡೂ ಅಂಗೈ ಜೋಡಿಸಿ ಎದೆ ಒತ್ತತೊಡಗಿದಳು.

ಸುತ್ತ ಚಪ್ಪಾಳೆ ಬಿತ್ತು.

“ಇದು ನಿಜ ಕಣ್ರೀ! ನಿಜವಾಗ್ಲೂ ಹೋಗ್ತಿದಾರೆ ಇವರು!”

“ಎಷ್ಟು ಚೆನ್ನಾಗಿ ಮಾಡ್ತಾಳಲ್ವಾ?” ಎಂದಳು ಮೀಸೆಯ ಹೆಂಡತಿ. ಅವಳ ಕಣ್ಣಲ್ಲಿ ನೀರೂ ಬಂದಿತ್ತು.

ಆಂಬುಲೆನ್ಸಿನ ಸದ್ದು ಹತ್ತಿರವಾಯಿತು. ಬೇಕರಿಯ ಓಣಿಯ ಬಾಯಲ್ಲಿ ನಿಂತೇಬಿಟ್ಟಿತು. ಅದಕ್ಕೂ ಇವಳಿಗೂ ನಡುವೆ ಸ್ಪಂಜಿನ ಟೋಪಿಗಳ ಗೋಡೆ. ಆಂಬುಲೆನ್ಸಿನವರಿಗೆ ಇವಳು ಕಾಣುತ್ತಿರಲಿಲ್ಲ, ಇವಳಿಗೆ ಅವರು ಕಾಣುತ್ತಿರಲಿಲ್ಲ. ಕೈ ನಿಲ್ಲಿಸುವ ಹಾಗಿಲ್ಲ, ಎದ್ದು ಹೋಗುವ ಹಾಗಿಲ್ಲ.

“ದಾರಿ ಬಿಡಿ! ನಾನು ಪೊಲೀಸ್!”

“ನಾವೂನೂ!” ಎಂದಿತು ಚೌಕ ಒಕ್ಕೊರಲಿನಲ್ಲಿ.

ಅವಳು ಬೇಡಿಕೊಂಡಳು, ಬೈದಳು. ಅಮ್ಮನ ಹಾಗೆ ‘ಸಾರಿ, ಸಾರಿ’ ಎಂದಳು. ಒಬ್ಬರೂ ಜರುಗಲಿಲ್ಲ. ಇನ್ನೂ ಹತ್ತಿರ ಬಂದರು, ಮೊಬೈಲಿನಲ್ಲಿ ಚಿತ್ರ ಚೆನ್ನಾಗಿ ಬರಲಿ ಎಂದು. ಇವರಿಗೆ ತಿಳಿಯುವ ಮಾತು ಒಂದೇ ಒಂದು ಉಳಿದಿತ್ತು. ಅವಳಿಗೆ ಅಸಹ್ಯವಾಯಿತು. ಮುಖ ಮೇಲೆತ್ತಿ, ಗಂಟಲು ಹರಿಯುವಂತೆ ಕೂಗಿದಳು.

“ಕ್ಷಮಿಸಬೇಕು! ತಾವೆಲ್ಲ ದಯವಿಟ್ಟು ಸ್ವಲ್ಪ ಸಾಯ್ತೀರಾ?”

ಇಡೀ ಚೌಕ ಬಿತ್ತು. ಟೋಪಿಗಳು ಉರುಳಿದವು, ಸೈಡರಿನ ಲೋಟಗಳು ಉರುಳಿದವು, ಮೀಸೆಯ ಗಂಡ ಮೀಸೆಯ ಹೆಂಡತಿಯ ಮೇಲೆ ಬಿದ್ದ. ಹದಿನೈದನೆಯ ವಯಸ್ಸಿನಿಂದ ಅವಳು ಬಯಸಿದ್ದು ಇದನ್ನೇ. ಅವಳ ಒಂದು ಮಾತಿಗೆ ಊರೇ ಮಲಗಿತ್ತು. ಕೂಂಬ್ಸ್‌ರ ಕಣ್ಣು ಅರ್ಧ ತೆರೆದು ಅವಳ ಕಡೆಗೇ ಇತ್ತು. ಆ ಮಾತು ಅವರಿಗೆ ಕೇಳಿಸಿತೋ ಇಲ್ಲವೋ, ಅವಳಿಗೆ ತಿಳಿಯಲಿಲ್ಲ.

ಈಗ ಓಣಿಯ ಬಾಯಲ್ಲಿ ಹಸಿರು ಸಮವಸ್ತ್ರದ ಆಂಬುಲೆನ್ಸಿನವನು ಕಂಡ. ಚೀಲ ಹಿಡಿದು ಓಡಿ ಬರುತ್ತಿದ್ದವನು ಚೌಕದ ಅಂಚಿಗೆ ಬಂದು ಗಕ್ಕನೆ ನಿಂತ. ಅವನ ಕಾಲ ಬುಡದಿಂದ ಆಚೆ ತುದಿಯವರೆಗೆ ಹೆಣಗಳು. ಮುದುಕರು, ಹೆಂಗಸರು. ಕೆಲವರು ಉಸಿರನ್ನೂ ಬಿಗಿಹಿಡಿದಿದ್ದರು. ಅಲ್ಲಲ್ಲಿ ಪೊಲೀಸ್ ಉಡುಪಿನವರು ಹೆಣಗಳ ಪಕ್ಕ ಮಂಡಿಯೂರಿ ಇವಳು ಮಾಡಿದ ಹಾಗೆಯೇ ಎದೆ ಒತ್ತತೊಡಗಿದ್ದರು.

“ಯಾರು?” ಎಂದು ಅವನು ಕೂಗಿದ. “ಇವರಲ್ಲಿ ಯಾರು?”

“ಇಲ್ಲಿ!” ಟೆಸ್ಸಾ ಚೀರಿದಳು.

“ಇಲ್ಲಿ!” ಎಂದಿತು ನೆಲದ ಮೇಲಿನ ಇನ್ನೊಂದು ದನಿ. “ಇಲ್ಲಿ, ಇಲ್ಲಿ!” ಎಂದಿತು ಇನ್ನೊಂದು ಮೂಲೆ.

ಅವನು ಅವಳನ್ನು ನೋಡಿದ. ಅವಳ ಉಡುಪು ನೋಡಿದ. ದೃಷ್ಟಿ ಮುಂದಕ್ಕೆ ಸರಿಯಿತು. ಕೊನೆಗೆ ತನಗೆ ಹತ್ತಿರವಿದ್ದ ದನಿಯ ಕಡೆಗೆ ತಿರುಗಿ, ಚೀಲವನ್ನು ತಲೆಯ ಮೇಲೆತ್ತಿಕೊಂಡು, ಮೊದಲ ಹೆಣವನ್ನು ಮೆಲ್ಲಗೆ ದಾಟಿದ. “ಕ್ಷಮಿಸಿ,” ಎಂದ. ಇನ್ನೊಂದನ್ನು ದಾಟಿದ. “ಕ್ಷಮಿಸಿ.” ಅವನು ಒಂದೊಂದು ಹೆಜ್ಜೆಗೂ ಹಾಗೆ ಅನ್ನುತ್ತ ಹೋದ ಹಾಗೆ, ಬಿದ್ದವರ ಹೊಟ್ಟೆಗಳು ನಗು ತಡೆಯಲಾರದೆ ಕುಲುಕತೊಡಗಿದವು. ಅವಳ ಅಂಗೈಯ ಕೆಳಗಿನ ಎದೆಯೊಂದು ಮಾತ್ರ ಅವಳು ಒತ್ತಿದಾಗಷ್ಟೇ ಅಲುಗುತ್ತಿತ್ತು.