ಗುರುವಾರದವರೆಗೆ

ನನ್ನ ಗಂಡ ಶಾಂತಪ್ಪನವರ ಸುಳ್ಳು ಹಿಡಿಯುವುದರಲ್ಲಿ ಇಡೀ ಸೊಲ್ಲಾಪುರದಲ್ಲಿ ನನ್ನನ್ನು ಮೀರಿಸುವವರು ಇರಲಿಲ್ಲ. ಅವರು ಇಪ್ಪತ್ತೆರಡು ವರ್ಷ ಕುಡಿದರು, ನಾನು ಇಪ್ಪತ್ತೆರಡು ವರ್ಷ ಹಿಡಿದೆ. ಏಲಕ್ಕಿ ಅಗಿದು ಬಂದರೂ ಗೊತ್ತಾಗುತ್ತಿತ್ತು, ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದಿನಲ್ಲೇ ಗೊತ್ತಾಗುತ್ತಿತ್ತು. ಆ ಜಾಣತನವೇ ನಮ್ಮನ್ನು ಮುಳುಗಿಸಿತು ನೋಡಿ.

ತೊಂಬತ್ತಾರರ ಶ್ರಾವಣದಲ್ಲಿ ಇವರು ಅಕ್ಕಲಕೋಟೆಯ ಸ್ವಾಮಿಗಳ ಗುಡಿಗೆ ಹೋಗಿ, ಆಲದ ಮರದ ಮುಂದೆ ನಿಂತು, ಇನ್ನು ಮುಟ್ಟುವುದಿಲ್ಲ ಎಂದು ಆಣೆ ಮಾಡಿ ಬಂದರು. ನಮ್ಮ ಗಲ್ಲಿಯ ಅರಿವೆ ವ್ಯಾಪಾರಿಗಳಲ್ಲಿ ಇದೊಂದು ಪದ್ಧತಿ. ಯಾರ ಮಾತಿನ ಮೇಲೆ ನಂಬಿಕೆ ಹೋದರೂ ಅವರನ್ನು ಗುರುವಾರ ಆ ಮರದ ಮುಂದೆ ನಿಲ್ಲಿಸುತ್ತಾರೆ. ಅಲ್ಲಿ ಸುಳ್ಳು ಹೇಳುವ ಧೈರ್ಯ ಯಾರಿಗೂ ಇಲ್ಲ, ಇವರಿಗಂತೂ ಇರಲೇ ಇಲ್ಲ. ಹಿಂದೆ ಎರಡು ಸಲ ನಾನೇ ಎಳೆದುಕೊಂಡು ಹೋದಾಗ, ಕೈ ಜೋಡಿಸುವ ಮೊದಲೇ "ಕುಡದೀನಿ ಶಾರದಾ, ತಪ್ಪಾತು" ಎಂದು ಅತ್ತುಬಿಟ್ಟಿದ್ದರು.

ಈ ಸಲ ಕುಡಿತದ ಜೊತೆಗೆ ಊಟವನ್ನೂ ಬಿಟ್ಟರು. ವ್ರತವಂತೆ! ದಿನಕ್ಕೆ ಎರಡು ಕಪ್ ಚಹಾ, ಒಂದು ಬಾಳೆಹಣ್ಣು. ಹೋಗಲಿ, ಕುಡಿಯುತ್ತಿಲ್ಲವಲ್ಲ ಎಂದು ನಾನೂ ಸುಮ್ಮನಾದೆ.

ಮೂರು ವಾರ ಕಳೆದು ಒಂದು ಸೋಮವಾರ ಮಧ್ಯಾಹ್ನ ಅಂಗಡಿಯಿಂದ ಗೋಡೆ ಹಿಡಿದುಕೊಂಡು ಬಂದರು. ಕಾಲು ಅಗಲಿಸಿ ತೂರಾಡುವ ನಡಿಗೆ. ಕಣ್ಣುಗುಡ್ಡೆಗಳು ಒಂದು ಕಡೆ ನಿಲ್ಲುತ್ತಿರಲಿಲ್ಲ. ಎಲ್ಲಿಗೆ ಹೋಗಿದ್ದಿರಿ ಎಂದು ಕೇಳಿದೆ.

"ಬೋರಾಮಣಿಗೆ ಹೋಗಿದ್ದೆ. ಕಾಮಣ್ಣನ ಮನ್ಯಾಗ ಊಟ ಆತು. ಹೋಳಗಿ ಮಾಡಿದ್ರು."

ಕಾಮಣ್ಣ ನಮ್ಮ ಅಂಗಡಿಯ ಹಳೆಯ ಗುಮಾಸ್ತ. ತೀರಿಕೊಂಡು ನಾಲ್ಕು ವರ್ಷವಾಗಿತ್ತು. ನನಗೆ ಮೈಯೆಲ್ಲ ಉರಿದುಹೋಯಿತು. ಬಾಯಿ ಮೂಸಿ ನೋಡಿದೆ, ವಾಸನೆ ಇಲ್ಲ. ಭಪ್ಪರೆ, ನನಗೂ ಗೊತ್ತಾಗದ ಹಾಗೆ ಕುಡಿಯುವುದನ್ನು ಕಲಿತಿದ್ದಾರೆ ಎಂದುಕೊಂಡೆ.

ಮಗಳು ಪ್ರಾಜಕ್ತಾ ಸುಮ್ಮನಿರಲಿಲ್ಲ. ಇಪ್ಪತ್ತೊಂದರ ಹುಡುಗಿ, ಹಟ ನನ್ನದೇ. ಅಪ್ಪನನ್ನು ರಿಕ್ಷಾದಲ್ಲಿ ಕೂರಿಸಿಕೊಂಡು ಡಾಕ್ಟರ ಬಳಿ ಹೊರಟಳು, ಬೈಯುತ್ತಲೇ ನಾನೂ ಹೋದೆ. ಡಾಕ್ಟರು ಕಣ್ಣಿಗೆ ಬ್ಯಾಟರಿ ಬಿಟ್ಟು ನೋಡಿದರು, ನಡೆಸಿ ನೋಡಿದರು, ಬೆಳಿಗ್ಗೆ ಏನು ತಿಂದಿರಿ ಎಂದು ಕೇಳಿದರು. ಇವರು ಮತ್ತೆ ಹೋಳಿಗೆ ಎಂದರು.

"ವಹಿನಿ, ಇವ್ರು ಕುಡದಿಲ್ಲರಿ," ಎಂದರು ಡಾಕ್ಟರು. "ವರ್ಷಾನುಗಟ್ಲೆ ಕುಡದು ಮೈಯಾಗಿನ ಜೀವಸತ್ವ ಖಾಲಿ ಆಗ್ಯದ, ಮ್ಯಾಲ ಊಟಾನೂ ಇಲ್ಲ. ಮೆದುಳು ಉಪವಾಸ ಬಿದ್ದದ. ನೆನಪು ಹೋದ ಜಾಗಾದಾಗ ಅದು ತಾನಽ ಕತಿ ತುಂಬಾಕತ್ತದ. ಇವತ್ತಽ ದೊಡ್ಡ ದವಾಖಾನಿಗೆ ಸೇರಸ್ರಿ. ಇಂಜೆಕ್ಷನ್ ಲಗೂನ ಬಿದ್ರ ಉಳೀತದ. ತಡ ಆದ್ರ ಹೋದದ್ದು ಪರತ ಬರಂಗಿಲ್ಲ."

ಕುಡುಕನ ಪರ ಡಾಕ್ಟರೂ ವಕೀಲಿಕೆ ಶುರು ಮಾಡಿದರಲ್ಲ ಎಂದು ನನಗೆ ಸಿಟ್ಟು ಬಂತು. ಹೊರಗೆ ಬಂದವಳೇ ಹೇಳಿದೆ. "ಗುರುವಾರ ಅಕ್ಕಲಕೋಟಿಗೆ ಹೋಗೂಣು. ಮರದ ಮುಂದ ಖರೇ ಹೊರಗ ಬರ್ತದ. ಕುಡದಿದ್ರ ನಾ ಮೈಂದರ್ಗಿಗೆ, ತವರಮನಿಗೆ ಹೋಗಾಕಿ. ತಿರುಗಿ ಬರಂಗಿಲ್ಲ."

"ಅವ್ವಾ, ಡಾಕ್ಟರು ಇವತ್ತಽ ಅಂದಾರ."

"ಮೂರು ದಿನದಾಗ ಏನು ಮುಳುಗಿ ಹೋಗ್ತದ?"

ಆ ಮಾತು ಆಡಿದವಳು ನಾನೇ. ಪ್ರಾಜಕ್ತಾ ಅತ್ತಳು, ಜಗಳಾಡಿದಳು. ನಾನು ಜಗ್ಗಲಿಲ್ಲ.

ಗುರುವಾರ ಬೆಳಿಗ್ಗೆ ಹತ್ತಕ್ಕೆ ಮರದ ಮುಂದೆ ಇದ್ದೆವು. ಇವರನ್ನು ನಾವಿಬ್ಬರೂ ಎರಡು ಕಡೆ ಹಿಡಿದುಕೊಳ್ಳಬೇಕಾಗಿತ್ತು. "ಹೇಳ್ರಿ, ಕುಡದೀರೋ ಇಲ್ಲೋ?" ಎಂದೆ. ಅವರು ಅಳುವುದನ್ನೇ ಕಾಯುತ್ತಿದ್ದೆ.

ಅಳಲಿಲ್ಲ. ಶಾಂತವಾಗಿ ಕೈ ಜೋಡಿಸಿದರು. "ಸ್ವಾಮಿ, ಒಂದು ಹನಿ ಮುಟ್ಟಿಲ್ಲ. ಈಗ ಪ್ರಾಜಕ್ತಾಗ ಎರಡು ಜಡಿ ಹಾಕಿ ಸಾಲಿಗೆ ಬಿಟ್ಟು ಬಂದೀನಿ. ಮೂರನೇ ಇಯತ್ತೆ ಕಲಿಯಾಕತ್ತಾಳ. ಆಕೀನ ಆಣಿ."

ಪ್ರಾಜಕ್ತಾ ಅವರ ಎಡಗೈ ಹಿಡಿದು ನಿಂತಿದ್ದಳು. "ಅಪ್ಪಾ, ನಾ ಇಲ್ಲೇ ಅದೀನಲ್ಲ" ಎಂದಳು. ಇವರು ಅವಳನ್ನು ನೋಡಿ ಸ್ವಲ್ಪ ಸರಿದು ಜಾಗ ಬಿಟ್ಟರು. "ಬಾ ತಂಗಿ, ನೀನೂ ದರ್ಶನ ತಗೋ."

ಈ ಮನುಷ್ಯ ಸುಳ್ಳು ಹೇಳುತ್ತಿರಲಿಲ್ಲ. ಆ ಜಾಗದಲ್ಲಿ ಮಗಳ ಮೇಲೆ ಸುಳ್ಳು ಆಣೆ ಹಾಕುವವರೇ ಅಲ್ಲ ಅವರು. ಇಪ್ಪತ್ತೆರಡು ವರ್ಷ ಇವರು ಕುಡಿಯದಿರಲಿ ಎಂದು ಬೇಡಿಕೊಂಡ ನಾನು, ಅದೇ ಮರದ ಮುಂದೆ, ಸ್ವಾಮಿ, ಇವರು ಕುಡಿದಿರಲಿ, ಇದು ಬರೀ ಕುಡಿತವಾಗಿರಲಿ ಎಂದು ಬೇಡಿಕೊಂಡೆ. ಅಷ್ಟು ಹೆದರಿದ್ದೆ.

ಪ್ರಸಾದಕ್ಕೂ ನಿಲ್ಲದೆ ಸ್ಟ್ಯಾಂಡಿಗೆ ಓಡಿದೆವು. ಸೊಲ್ಲಾಪುರದ ಬಸ್ಸು ಹತ್ತಿ ಇವರನ್ನು ಕಿಟಕಿಯ ಬಳಿ ಕೂರಿಸಿದೆ. ಪ್ರಾಜಕ್ತಾ ಮುಂದೆ ಹೋಗಿ, ಲಗೂನ ಹೊಡೀರಿ ಎಂದು ಡ್ರೈವರನಿಗೆ ಕೈಮುಗಿಯುತ್ತಿದ್ದಳು. ಇವರು ನನ್ನ ಕಡೆ ತಿರುಗಿದರು. ಪರವೂರಿನ ಹೆಂಗಸನ್ನು ಮಾತಾಡಿಸುವಷ್ಟು ಮರ್ಯಾದೆಯ ದನಿ.

"ಅಕ್ಕಾರ, ನೀವು ಸೊಲ್ಲಾಪುರದವ್ರೇನ್ರಿ? ನಮ್ಮ ಮನಿಯಾಕಿ ಶಾರದಾ ಅಂತ. ಭೆಟ್ಟಿ ಆದ್ರ ಹೇಳ್ರಿ, ನಾ ಕುಡದಿಲ್ಲಂತ. ನಾ ಹೇಳಿದ್ರ ನಂಬಂಗಿಲ್ಲ ಆಕಿ."

"ನಂಬ್ಯಾಳ್ರಿ," ಎಂದೆ. "ಈಗ ನಂಬ್ಯಾಳ."

ಬಸ್ಸು ಇನ್ನೂ ಅರ್ಧ ದಾರಿಯ ವಳಸಂಗವನ್ನೂ ದಾಟಿರಲಿಲ್ಲ.